ಕಚ್ಚಾ ತೈಲ: ಹುಟ್ಟು ಮತ್ತು ಹೂರಣ

'ಪೆಟ್ರೋಲಿಯಂ' ಎಂದರೆ ಶಿಲಾತೈಲ. ಲ್ಯಾಟಿನ್‌ನಲ್ಲಿ 'ಪೆಟ್ರಾ' ಎಂದರೆ ಬಂಡೆ, 'ಓಲಿಯಂ' ಎಂದರೆ ಎಣ್ಣೆ. ಈ ಎಣ್ಣೆ ಸಿಗುವುದು ಶಿಲೆಯಲ್ಲಾದರೂ ಅದರ ಮೂಲ ಜೀವಿಗಳು.

ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರಗಳಲ್ಲಿ ತೇಲುತ್ತಿದ್ದ ಪ್ಲವಕಗಳು, ಶೈವಲಗಳು ಸತ್ತು ತಳ ಸೇರಿದವು. ಆಕ್ಸಿಜನ್ ಇಲ್ಲದ ಕೆಸರಿನಲ್ಲಿ ಅವು ಪೂರ್ತಿ ಕೊಳೆಯಲಿಲ್ಲ. ಮೇಲೆ ಮಣ್ಣಿನ ಪದರಗಳು ಪೇರಿಕೊಂಡಂತೆ ಕೆಸರು ಶಿಲೆಯಾಯಿತು, ಜೈವಿಕ ಅವಶೇಷ 'ಕೆರೋಜೆನ್' ಎಂಬ ಘನವಸ್ತುವಾಯಿತು. ಭೂಮಿಯೊಳಗೆ ಪ್ರತಿ ಕಿಲೋಮೀಟರಿಗೆ ಉಷ್ಣತೆ ಸುಮಾರು 25ರಿಂದ 30 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಸಾಮಾನ್ಯವಾಗಿ 2ರಿಂದ 4 ಕಿಲೋಮೀಟರ್ ಆಳದಲ್ಲಿ, 60ರಿಂದ 120 ಡಿಗ್ರಿ ಶಾಖದಲ್ಲಿ, ಕೆರೋಜೆನ್ ಒಡೆದು ತೈಲವಾಗುತ್ತದೆ. ಶಾಖ ಇನ್ನೂ ಹೆಚ್ಚಿದರೆ ತೈಲವೂ ಒಡೆದು ಅನಿಲವಾಗುತ್ತದೆ.

ನೆಲದಡಿಯಲ್ಲಿ ತೈಲದ ಕೆರೆ ಇದೆಯೆಂದು ಹಲವರು ಭಾವಿಸುತ್ತಾರೆ. ಹಾಗಿಲ್ಲ. ನೀರಿಗಿಂತ ಹಗುರವಾದ ತೈಲ ಮೇಲಕ್ಕೆ ಜಿನುಗಿ, ಮರಳುಗಲ್ಲು ಅಥವಾ ಸುಣ್ಣಕಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ ಸ್ಪಂಜಿನೊಳಗಿನ ನೀರಿನಂತೆ ತುಂಬಿಕೊಳ್ಳುತ್ತದೆ. ಮೇಲೆ ರಂಧ್ರಗಳಿಲ್ಲದ ಶಿಲೆಯ ಮುಚ್ಚಳವಿದ್ದರೆ ಅಲ್ಲೇ ಉಳಿಯುತ್ತದೆ. 1974ರಲ್ಲಿ ಪತ್ತೆಯಾದ ಬಾಂಬೆ ಹೈನಲ್ಲಿ ತೈಲ ಇರುವುದು ಸುಣ್ಣಕಲ್ಲಿನಲ್ಲಿ. ಕರ್ನಾಟಕದ ಬಹುಭಾಗ ಇಂಥ ಸಮುದ್ರಜೀವಿಗಳಿಗಿಂತ ಬಹು ಹಿಂದಿನ ನೈಸ್, ಗ್ರಾನೈಟ್ ಶಿಲೆಗಳದು. ಅವುಗಳಲ್ಲಿ ತೈಲ ಹುಟ್ಟದು. ಮಂಗಳೂರಿನ ಸಂಸ್ಕರಣಾಗಾರಕ್ಕೆ ಕಚ್ಚಾ ತೈಲ ಹಡಗಿನಲ್ಲಿ ಬರುತ್ತದೆ.

ಕಚ್ಚಾ ತೈಲ ಒಂದೇ ಸಂಯುಕ್ತವಲ್ಲ, ಸಾವಿರಾರು ಸಂಯುಕ್ತಗಳ ಮಿಶ್ರಣ. ತೂಕದಲ್ಲಿ ಕಾರ್ಬನ್ ಶೇ. 83-87, ಹೈಡ್ರೋಜನ್ ಶೇ. 10-14. ಉಳಿದದ್ದು ಗಂಧಕ, ನೈಟ್ರೋಜನ್, ಆಕ್ಸಿಜನ್ ಮತ್ತು ಅತ್ಯಲ್ಪ ಲೋಹಗಳು. ಹೈಡ್ರೋಕಾರ್ಬನ್‌ಗಳಲ್ಲಿ ಮೂರು ಮುಖ್ಯ ಬಗೆ: ಸರಪಳಿಯಂಥ ಆಲ್ಕೇನ್‌ಗಳು, ಉಂಗುರ ರಚನೆಯ ಸೈಕ್ಲೋಆಲ್ಕೇನ್‌ಗಳು, ಬೆಂಜೀನ್ ಉಂಗುರವುಳ್ಳ ಆರೊಮ್ಯಾಟಿಕ್‌ಗಳು. ಅಣು ದೊಡ್ಡದಾದಷ್ಟೂ ಕುದಿಬಿಂದು ಹೆಚ್ಚು. ಆದ್ದರಿಂದಲೇ ಆಂಶಿಕ ಬಟ್ಟಿ ಇಳಿಸುವಿಕೆಯಿಂದ ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್‌ಗಳನ್ನು ಬೇರ್ಪಡಿಸಬಹುದು. ತಳದಲ್ಲಿ ಡಾಮರು ಉಳಿಯುತ್ತದೆ. ಗಂಧಕ ಕಡಿಮೆಯಿರುವ ತೈಲಕ್ಕೆ 'ಸಿಹಿ', ಹೆಚ್ಚಿರುವುದಕ್ಕೆ 'ಹುಳಿ' ಎಂದು ಹೆಸರು. ಹುಳಿ ತೈಲದ ಶುದ್ಧೀಕರಣಕ್ಕೆ ಖರ್ಚು ಹೆಚ್ಚು.

ಇದರ ಮೂಲ ಜೀವಿಗಳೇ ಎಂಬುದಕ್ಕೆ ಪುರಾವೆ ಏನು? 1930ರ ದಶಕದಲ್ಲಿ ಜರ್ಮನಿಯ ರಸಾಯನವಿಜ್ಞಾನಿ ಆಲ್ಫ್ರೆಡ್ ಟ್ರೀಬ್ಸ್ ಕಚ್ಚಾ ತೈಲದಲ್ಲಿ ಪಾರ್ಫಿರಿನ್ ಎಂಬ ಅಣುಗಳನ್ನು ಗುರುತಿಸಿದರು. ಎಲೆಯ ಹಸಿರಿಗೆ ಕಾರಣವಾದ ಕ್ಲೋರೊಫಿಲ್‌ನದೂ ಇಂಥದೇ ಚೌಕಟ್ಟು. ಕ್ಲೋರೊಫಿಲ್‌ನಲ್ಲಿ ನಡುವೆ ಮೆಗ್ನೀಸಿಯಂ ಇದ್ದರೆ, ತೈಲದ ಪಾರ್ಫಿರಿನ್‌ನಲ್ಲಿ ವೆನೇಡಿಯಂ ಅಥವಾ ನಿಕಲ್ ಇರುತ್ತದೆ.

ಹೀಗೆ ಪ್ರಾಚೀನ ಶೈವಲಗಳು ದ್ಯುತಿಸಂಶ್ಲೇಷಣೆಯಲ್ಲಿ ಹಿಡಿದಿಟ್ಟ ಕಾರ್ಬನ್ನೇ ನಮ್ಮ ವಾಹನಗಳಲ್ಲಿ ಉರಿಯುತ್ತಿದೆ. ಕೋಟ್ಯಂತರ ವರ್ಷ ನೆಲದಲ್ಲಿ ಹುದುಗಿದ್ದ ಅದನ್ನು ಒಂದೆರಡು ಶತಮಾನಗಳಲ್ಲೇ ಗಾಳಿಗೆ ಬಿಡುತ್ತಿದ್ದೇವೆ. ತೈಲ ಮುಗಿದೀತೆಂಬ ಚಿಂತೆಯ ಜತೆಗೆ ಭೂಮಿಯ ತಾಪ ಏರುತ್ತಿರುವ ಚಿಂತೆಯೂ ಇಲ್ಲಿಂದಲೇ ಹುಟ್ಟಿದೆ.