ಒಲೆ ಹಚ್ಚದೆ ಹಣ್ಣಿನ ತಿಂಡಿ, ಮಕ್ಕಳ ಕೈಯಲ್ಲೇ

‘ನಮ್ಮ ಹುಡುಗ ಹಣ್ಣು ಅಂದ್ರೆ ಮುಖ ತಿರುಗಿಸ್ತಾನೆ ಡಾಕ್ಟ್ರೇ. ಅಂಗಡಿ ಪ್ಯಾಕೆಟ್ಟೇ ಆಗಬೇಕು. ಒಂದು ಟಾನಿಕ್ ಆದ್ರೂ ಬರೆದುಕೊಡಿ.’

ಕೊತ್ತತ್ತಿಯ ಆಸುಪಾಸಿನ ಊರುಗಳಿಂದ ಬರುವ ತಾಯಂದಿರ ಬಾಯಲ್ಲಿ ಈ ದೂರನ್ನು ಮೇಲಿಂದ ಮೇಲೆ ಕೇಳುತ್ತಿರುತ್ತೇನೆ. ವಿಶ್ವೇಶ್ವರಯ್ಯ ನಾಲೆಯ ನೀರು ಕಂಡ ಸೀಮೆ ನಮ್ಮದು. ತೋಟದಲ್ಲಿ ಬಾಳೆ, ಹಿತ್ತಲಲ್ಲಿ ಪರಂಗಿ ಮತ್ತು ಸೀಬೆ, ಬದುವಿನ ಮೇಲೆ ತೆಂಗು, ಆಲೆಮನೆಯಲ್ಲಿ ಬೆಲ್ಲ. ಇಷ್ಟೆಲ್ಲ ಕೈಗೆಟಕುವ ಕಡೆ ಮಗುವಿನ ಹಸಿವಿಗೆ ಬಾಟಲಿಯ ಔಷಧ ಹುಡುಕುವ ಪರಿಸ್ಥಿತಿ ಬಂದಿದೆ ಎಂದರೆ, ತೊಂದರೆ ಇರುವುದು ಹಣ್ಣಿನಲ್ಲೂ ಅಲ್ಲ, ಮಗುವಿನಲ್ಲೂ ಅಲ್ಲ. ನಾವು ಹಣ್ಣನ್ನು ಮಗುವಿನ ಮುಂದೆ ಇಡುವ ರೀತಿಯಲ್ಲಿ. ‘ತಿನ್ನು, ಒಳ್ಳೇದು’ ಎಂದು ಗದರಿಸಿ ಕೊಟ್ಟ ಹಣ್ಣು ಮಗುವಿಗೆ ಔಷಧದ ಹಾಗೆಯೇ ಕಾಣುತ್ತದೆ. ಅದೇ ಹಣ್ಣನ್ನು ಅದರ ಕೈಗೇ ಕೊಟ್ಟು ‘ಹಿಸುಕು, ಕಲಸು, ಉಂಡೆ ಕಟ್ಟು’ ಎಂದು ಹೇಳಿ ನೋಡಿ. ತಾನು ಮಾಡಿದ್ದನ್ನು ಮೊದಲು ಅಜ್ಜಿಗೆ ಕೊಟ್ಟು, ಆಮೇಲೆ ತಾನೂ ತಿನ್ನುತ್ತದೆ.

ಇದು ಬರೀ ರುಚಿಯ ಪ್ರಶ್ನೆಯಲ್ಲ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 65.5ರಷ್ಟು ಮಂದಿಗೆ ರಕ್ತಹೀನತೆ ಇದೆ. ಮೂವರಲ್ಲಿ ಇಬ್ಬರು ಎಂದಾಯಿತು. ರಾಗಿಮುದ್ದೆ ಉಣ್ಣುವ ನಾಡಿನಲ್ಲಿ ಹೀಗೇಕೆ ಎಂದು ನೀವು ಕೇಳಬಹುದು. ರಾಗಿಯಲ್ಲಿ, ಸೊಪ್ಪಿನಲ್ಲಿ ಕಬ್ಬಿಣಾಂಶ ಇದೆ. ಆದರೆ ಅವುಗಳಲ್ಲೇ ಇರುವ ಕೆಲವು ಪದಾರ್ಥಗಳು ಆ ಕಬ್ಬಿಣ ಕರುಳಿನಿಂದ ರಕ್ತ ಸೇರುವುದನ್ನು ತಡೆಯುತ್ತವೆ. ಈ ತಡೆಯನ್ನು ಸಡಿಲಿಸುವುದು ‘ಸಿ’ ಜೀವಸತ್ವ. ಅದು ಹೇರಳವಾಗಿರುವುದು ನಮ್ಮ ಹಿತ್ತಲ ಸೀಬೆಹಣ್ಣಿನಲ್ಲಿ. ನೂರು ಗ್ರಾಂ ಸೀಬೆಯಲ್ಲಿ ಸುಮಾರು 200 ಮಿಲಿಗ್ರಾಂ ‘ಸಿ’ ಜೀವಸತ್ವ ಇರುತ್ತದೆ. ಕಿತ್ತಳೆಯಲ್ಲಿ ಅದರ ಕಾಲು ಭಾಗವೂ ಕಷ್ಟ. ಕಾಯಿಲೆ ನೋಡಲು ಹೋಗುವವರು ದುಡ್ಡು ಕೊಟ್ಟು ಸೇಬು ಒಯ್ಯುತ್ತಾರೆ, ಮನೆಯ ಸೀಬೆ ಅಳಿಲಿನ ಪಾಲಾಗುತ್ತದೆ! ಊಟದ ಜೊತೆಗೋ ಊಟವಾದ ಕೂಡಲೋ ನಾಲ್ಕು ಹೋಳು ಸೀಬೆ ತಿಂದರೆ ಮುದ್ದೆಯ ಕಬ್ಬಿಣ ಮೈಗೆ ಹತ್ತುತ್ತದೆ. ಹಾಗೆಂದು ಅಂಗನವಾಡಿಯಲ್ಲಿ, ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಔಷಧವನ್ನು ಬಿಡಿಸಬೇಡಿ. ಆಗಲೇ ಬಿಳಿಚಿಕೊಂಡ ಮಗುವಿಗೆ ಹಣ್ಣೊಂದೇ ಚಿಕಿತ್ಸೆಯಲ್ಲ.

ಎಷ್ಟು ತಿನ್ನಬೇಕು? ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿರುವಂತೆ 2ರಿಂದ 5 ವರ್ಷದ ಮಕ್ಕಳಿಗೆ ಹಣ್ಣು ತರಕಾರಿ ಎರಡೂ ಸೇರಿ ದಿನಕ್ಕೆ ಕನಿಷ್ಠ 250 ಗ್ರಾಂ, 6ರಿಂದ 9 ವರ್ಷದವರಿಗೆ 350 ಗ್ರಾಂ, ಅದಕ್ಕೂ ದೊಡ್ಡವರಿಗೆ 400 ಗ್ರಾಂ ಬೇಕು. ತಕ್ಕಡಿ ಹಿಡಿದು ಕೂರಬೇಡಿ. ಸಂಜೆ ನಾಲ್ಕಕ್ಕೆ ಮಗು ಶಾಲೆಯಿಂದ ಬಂದಾಗ ಒಂದು ಬಟ್ಟಲು ಹಣ್ಣು ಹೊಟ್ಟೆಗೆ ಸೇರಿದರೆ ಅರ್ಧ ಕೆಲಸ ಮುಗಿಯಿತು.

ಒಲೆಯಿಲ್ಲದ ಅಡಿಗೆ ನಮಗೆ ಹೊಸದೂ ಅಲ್ಲ. ರಾಮನವಮಿಯ ಪಾನಕ, ಕೋಸಂಬರಿ, ರಸಾಯನ ಯಾವುದಕ್ಕೂ ಬೆಂಕಿ ಬೇಡ. ರಸಾಯನದಿಂದಲೇ ಶುರುಮಾಡಿ. ಚೆನ್ನಾಗಿ ಕಳಿತ ನಾಲ್ಕು ಏಲಕ್ಕಿ ಬಾಳೆಹಣ್ಣನ್ನು ಮಗುವೇ ಸುಲಿದು ಸ್ಟೀಲ್ ಚಮಚೆಯಿಂದ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಲಿ. ಚಾಕು ಬೇಕಾಗಿಯೇ ಇಲ್ಲ. ಅದಕ್ಕೆ ಮೂರು ದೊಡ್ಡ ಚಮಚೆ ತೆಂಗಿನ ತುರಿ, ಎರಡು ಚಹಾ ಚಮಚೆ ಪುಡಿಬೆಲ್ಲ, ಚಿಟಿಕೆ ಏಲಕ್ಕಿ ಪುಡಿ. ಹಗುರವಾಗಿ ಕಲಸಿ ಐದು ನಿಮಿಷ ಬಿಟ್ಟರೆ ಬೆಲ್ಲ ತಾನೇ ನೀರೊಡೆಯುತ್ತದೆ. ನಾಲ್ಕು ಮಕ್ಕಳಿಗೆ ಸಾಕು. ಬೇಸಿಗೆಯಲ್ಲಿ ಬಾಳೆಯ ಜಾಗಕ್ಕೆ ಕರಬೂಜ, ಮೇ ತಿಂಗಳಲ್ಲಿ ರಸಪುರಿ ಮಾವು.

ಇನ್ನೊಂದು, ನಾನು ಬಹಳ ಜನಕ್ಕೆ ಹೇಳುವುದು, ಖರ್ಜೂರದ ತಂಬಿಟ್ಟು. ಒಂದು ಲೋಟ ಹುರಿಗಡಲೆಯನ್ನು ದೊಡ್ಡವರು ಪುಡಿ ಮಾಡಿಕೊಡಲಿ. ಹತ್ತು ಹನ್ನೆರಡು ಮೆತ್ತನೆಯ ಖರ್ಜೂರದ ಬೀಜ ತೆಗೆಯುವುದು ಮಗುವಿನ ಕೆಲಸ. ಎಣಿಸಿ ತೆಗೆಯಲಿ, ಎಣಿಸಿ ಬೀಜ ಒಪ್ಪಿಸಲಿ. ಲೆಕ್ಕವೂ ಆಯಿತು, ಉಂಡೆಯೊಳಗೆ ಬೀಜ ಉಳಿದಿಲ್ಲವೆಂಬ ಖಾತರಿಯೂ ಆಯಿತು. ಖರ್ಜೂರವನ್ನು ಹಿಸುಕಿ, ಹುರಿಗಡಲೆ ಪುಡಿ, ಸ್ವಲ್ಪ ಕೊಬ್ಬರಿ ತುರಿ ಸೇರಿಸಿ ನಾದಬೇಕು. ಗಟ್ಟಿ ಎನಿಸಿದರೆ ಕಾಯಿಸಿ ಆರಿಸಿದ ಹಾಲು ಒಂದೆರಡು ಚಮಚೆ. ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಿದರೆ ಮುಗಿಯಿತು. ಇದಕ್ಕೆ ಬೆಲ್ಲ ಬೇಡವೇ ಬೇಡ. ಹುರಿಗಡಲೆಯಿಂದ ಸಸಾರಜನಕವೂ ಸಿಗುತ್ತದೆ.

ತೆಳು ಅವಲಕ್ಕಿಯನ್ನು ತೊಳೆದು ಹಿಂಡಿ, ಮಾವಿನ ಹಣ್ಣಿನ ರಸದಲ್ಲೋ ಹಿಸುಕಿದ ಬಾಳೆಯಲ್ಲೋ ಹತ್ತು ನಿಮಿಷ ನೆನೆಸಿ ಕಾಯಿತುರಿ ಉದುರಿಸಿದರೆ ಅದು ಹೊಟ್ಟೆ ತುಂಬುವ ತಿಂಡಿಯೇ. ಪರಂಗಿಹಣ್ಣಿನ ಹೋಳಿಗೆ ನಾಲ್ಕು ಹನಿ ನಿಂಬೆರಸ ಹಿಂಡಿ. ಅದರ ವಾಸನೆಗೆ ಮೂಗು ಮುರಿಯುವ ಮಕ್ಕಳೂ ತಿನ್ನುತ್ತಾರೆ. ಸೀಬೆಗೆ ಚೂರು ಉಪ್ಪು, ಮೆಣಸಿನ ಪುಡಿ ಇದ್ದರೆ ಬೇರೇನೂ ಹೇಳಬೇಕಾಗಿಲ್ಲ. ಆದರೆ ಹಣ್ಣನ್ನು ಸೋಸಿ ರಸ ಮಾಡಿ ಲೋಟಕ್ಕೆ ಹಾಕಬೇಡಿ. ನಾರಿನಂಶವೆಲ್ಲ ಸೋಸುಬಟ್ಟೆಯಲ್ಲಿ ಉಳಿದುಬಿಡುತ್ತದೆ. ಮಲಬದ್ಧತೆಯಿಂದ ಅಳುವ ಮಕ್ಕಳಿಗೆ ಬೇಕಾದದ್ದು ಅದೇ.

ಮಂಡ್ಯ ಜಿಲ್ಲೆಯಲ್ಲಿ ಕೂತು ಬೆಲ್ಲಕ್ಕೆ ಮಿತಿ ಹೇಳುವುದು ಧೈರ್ಯದ ಕೆಲಸವೇ ಸರಿ. ಆದರೂ ಹೇಳಬೇಕು. ‘ಸಕ್ಕರೆ ಕೆಟ್ಟದ್ದು, ಬೆಲ್ಲ ಎಷ್ಟಾದರೂ ತಿನ್ನಬಹುದು’ ಎಂಬುದು ತಪ್ಪು. ಬೆಲ್ಲದಲ್ಲಿ ಅಲ್ಪಸ್ವಲ್ಪ ಖನಿಜಾಂಶ ಇದೆ ನಿಜ, ಬಹುಪಾಲು ಅದೂ ಸಕ್ಕರೆಯೇ. ಹಲ್ಲಿನ ಸಂದಿಗೆ ಅಂಟಿದರೆ ಹುಳುಕಿಗೆ ಅದೂ ಸಾಕು. ಐದಾರು ವರ್ಷದ ಮಗುವಿಗೆ ಹಾಲಿಗೆ ಹಾಕಿದ್ದೂ ಸೇರಿ ದಿನಕ್ಕೆ ನಾಲ್ಕು ಚಹಾ ಚಮಚೆ ಮೀರದಿರಲಿ. ಎರಡು ವರ್ಷ ತುಂಬದ ಮಗುವಿಗೆ ಬೆಲ್ಲ, ಸಕ್ಕರೆ ಎರಡೂ ಬೇಡ. ವರ್ಷ ತುಂಬದ ಕೂಸಿಗೆ ಜೇನುತುಪ್ಪವನ್ನು ನೆಕ್ಕಿಸಲೂ ಬಾರದು. ಅದರಲ್ಲಿರಬಹುದಾದ ಒಂದು ಬಗೆಯ ರೋಗಾಣು ಎಳೆಗೂಸಿನ ನರಗಳನ್ನು ನಿಶ್ಶಕ್ತಗೊಳಿಸಬಲ್ಲದು.

ಬಾಳೆಹಣ್ಣು, ಸೀಬೆಹಣ್ಣು ತಿಂದರೆ ಶೀತ, ಪರಂಗಿ ತಿಂದರೆ ಉಷ್ಣ ಎಂದು ಮನೆಯ ಹಿರಿಯರು ತಡೆಯುತ್ತಾರೆ. ನೆಗಡಿ ಬರುವುದು ವೈರಸ್‌ನಿಂದ, ಬಾಳೆಹಣ್ಣಿನಿಂದಲ್ಲ. ಅಜ್ಜಿಯೊಡನೆ ಜಗಳ ಬೇಡ. ರಾತ್ರಿಯ ಬದಲು ಹಗಲು ಹೊತ್ತು ಕೊಡಿ, ಅವರಿಗೂ ಸಮಾಧಾನ.

ಈಗ ಕತ್ತಿ, ಕೈ, ಗಂಟಲಿನ ವಿಚಾರ. ಈಳಿಗೆಮಣೆಯ ಹತ್ತಿರ ಮಕ್ಕಳನ್ನು ಬಿಡಬೇಡಿ. ಮೂರು ವರ್ಷದ ಮಗು ಸುಲಿಯಬಲ್ಲದು, ಹಿಸುಕಬಲ್ಲದು. ಆರೇಳು ವರ್ಷದ್ದು ಅಳೆದು ಹಾಕಬಲ್ಲದು, ಉಂಡೆ ಕಟ್ಟಬಲ್ಲದು. ಹತ್ತು ದಾಟಿದ ಮೇಲೆ ನೀವು ಪಕ್ಕದಲ್ಲಿದ್ದಾಗ ಸಣ್ಣ ಚಾಕು. ಹುಡುಗರನ್ನೂ ಕೂರಿಸಿ, ಇದು ಹೆಣ್ಣುಮಕ್ಕಳ ಕೆಲಸ ಎಂದು ಎಲ್ಲೂ ಬರೆದಿಲ್ಲ. ಶುರುಮಾಡುವ ಮೊದಲು ಎಲ್ಲರೂ ಸೋಪು ಹಚ್ಚಿ ಕೈ ತೊಳೆಯಲಿ. ಬೇಯಿಸದ ತಿಂಡಿಯಲ್ಲಿ ಕೊಳಕನ್ನು ಕೊಲ್ಲಲು ಬೆಂಕಿ ಇರುವುದಿಲ್ಲ ಎಂಬುದು ನೆನಪಿರಲಿ. ಸಿಪ್ಪೆ ತೆಗೆಯುವ ಹಣ್ಣನ್ನೂ ಮೊದಲು ತೊಳೆಯಬೇಕು. ಇಲ್ಲದಿದ್ದರೆ ಸಿಪ್ಪೆಯ ಮೇಲಿನದು ಚಾಕುವಿನ ಜೊತೆ ಒಳಗೆ ಹೋಗುತ್ತದೆ.

ನಿಜವಾಗಿ ನನ್ನನ್ನು ಹೆದರಿಸುವುದು ಗಂಟಲು. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ದ್ರಾಕ್ಷಿ, ಇಡೀ ಕಡಲೆಕಾಯಿ ಬೀಜ ಕೊಡಬೇಡಿ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ. ಸಪೋಟದ ಬೀಜಕ್ಕೆ ಕೊಕ್ಕೆಯಂಥ ತುದಿ ಇರುತ್ತದೆ, ಗಂಟಲಲ್ಲಿ ಕಚ್ಚಿಕೊಳ್ಳುತ್ತದೆ. ಸೀತಾಫಲ, ನೇರಳೆಯ ಬೀಜವನ್ನೂ ದೊಡ್ಡವರೇ ತೆಗೆದು ಕೊಡಬೇಕು. ಓಡುತ್ತಾ, ನಗುತ್ತಾ ತಿನ್ನದೆ ಮಗು ಕೂತು ತಿನ್ನಲಿ.

ಒಂದು ವೇಳೆ ಸಿಕ್ಕಿಕೊಂಡರೆ? ಮಗು ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ನೀರು ಕುಡಿಸಬೇಡಿ, ಕಾಣದ್ದನ್ನು ತೆಗೆಯಲು ಬಾಯಿಗೆ ಬೆರಳು ಹಾಕಬೇಡಿ. ಕೆಮ್ಮಲೂ ಆಗದೆ, ದನಿಯೂ ಹೊರಡದೆ ಒದ್ದಾಡುತ್ತಿದ್ದರೆ ಮುಂದಕ್ಕೆ ಬಾಗಿಸಿ ಎರಡು ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ ಐದು ಬಾರಿ ಗಟ್ಟಿಯಾಗಿ ತಟ್ಟಿ. ಬಾರದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿನ ಸ್ವಲ್ಪ ಮೇಲೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ ಐದು ಬಾರಿ ಜಗ್ಗಿ. ಪದಾರ್ಥ ಹೊರಬರುವ ತನಕ ಇವೆರಡನ್ನೂ ಒಂದಾದ ಮೇಲೊಂದು ಮಾಡುತ್ತಿರಿ. ವರ್ಷ ತುಂಬದ ಕೂಸಿಗೆ ಹೊಟ್ಟೆ ಒತ್ತಬಾರದು. ಮುಂಗೈ ಮೇಲೆ ತಲೆ ಕೆಳಗಾಗುವಂತೆ ಬೋರಲು ಮಲಗಿಸಿ ಬೆನ್ನಿಗೆ ಐದು ತಟ್ಟು, ತಿರುಗಿಸಿ ಎದೆಯ ನಡುವೆ ಐದು ಒತ್ತು. ಇಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಇದನ್ನು ಮನೆಮಂದಿಗೆಲ್ಲ ಒಮ್ಮೆ ಓದಿ ಹೇಳಿ.

ಕೊಳ್ಳುವಾಗಲೂ ಕಣ್ಣಿರಲಿ. ಮಾವು ಹಣ್ಣು ಮಾಡಲು ಕ್ಯಾಲ್ಸಿಯಂ ಕಾರ್ಬೈಡ್ ಬಳಸುವುದು ಕಾನೂನಿನಲ್ಲಿ ನಿಷಿದ್ಧ, ಅದರಲ್ಲಿ ಆರ್ಸೆನಿಕ್‌ನಂಥ ವಿಷದ ಅಂಶ ಇರಬಹುದು. ದೋರೆಗಾಯಿ ತಂದು ಮನೆಯಲ್ಲೇ ಒಣಹುಲ್ಲಿನಲ್ಲಿಟ್ಟು ಹಣ್ಣು ಮಾಡುವುದು ಲೇಸು. ಹುಲ್ಲು ಕೆದಕಿ ನೋಡುವ ಕೆಲಸಕ್ಕೆ ಮಕ್ಕಳು ತಾವಾಗಿ ಬರುತ್ತಾರೆ. ಗುಲಾಬಿ ಬಣ್ಣದ ತಿಂಡಿಗಾಗಿ ಹಟ ಮಾಡುವ ಮಕ್ಕಳಿಗೆ ಇದನ್ನೂ ಹೇಳಿ: ಬಾಂಬೆ ಮಿಠಾಯಿಗೆ ಹಾಕುತ್ತಿದ್ದ ರೋಡಮಿನ್-ಬಿ ಬಣ್ಣವನ್ನು ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿತು. ಬಣ್ಣವೇ ಬೇಕಾದರೆ ದಾಳಿಂಬೆ ಕಾಳು ಇದೆ.

ಹೆಚ್ಚಿದ ಹಣ್ಣು, ಕಲಸಿದ ರಸಾಯನ ಎರಡು ಗಂಟೆಯೊಳಗೆ ಖಾಲಿಯಾಗಬೇಕು. ಬೇಸಿಗೆಯಲ್ಲಿ ಇನ್ನೂ ಬೇಗ. ಆದ್ದರಿಂದ ಶಾಲೆಯ ಡಬ್ಬಿಗೆ ರಸಾಯನ ಬೇಡ, ಇಡೀ ಬಾಳೆಹಣ್ಣನ್ನೇ ಕಳಿಸಿ. ಹಾಲು ಹಾಕದೆ ಕಟ್ಟಿದ ಖರ್ಜೂರದ ತಂಬಿಟ್ಟು ಮುಚ್ಚಿದ ಡಬ್ಬಿಯಲ್ಲಿ ಎರಡು ದಿನ ಚೆನ್ನಾಗಿರುತ್ತದೆ. ಅದಕ್ಕಿಂತ ಹೆಚ್ಚು ದಿನ ಉಳಿಯುವುದೂ ಇಲ್ಲ, ಕಟ್ಟಿದವರೇ ಕದ್ದು ಮುಗಿಸಿರುತ್ತಾರೆ.