ಮುಖದ ಕರಿಚುಕ್ಕೆ: ಹೆಸರು ಮತ್ತು ನಿಜ

ಮೊಡವೆಯನ್ನು ಸಂಸ್ಕೃತ ವೈದ್ಯಗ್ರಂಥಗಳು ‘ಮುಖದೂಷಿಕೆ’ ಎಂದು ಕರೆದು, ಬೂರುಗದ ಮುಳ್ಳಿಗೆ ಹೋಲಿಸಿವೆ. ಮರಾಠಿಯಲ್ಲಿ ಅದು ‘ತಾರುಣ್ಯಪೀಟಿಕಾ’. ಹೆಸರನ್ನು ನಂಬಿ, ತಾರುಣ್ಯದೊಡನೆ ಅದು ಮುಗಿಯುವುದೆಂದು ತಿಳಿಯಬಾರದು. 30–40ರ ವಯಸ್ಸಿನಲ್ಲಿಯೂ ಕಾಣಿಸಿಕೊಳ್ಳುವುದುಂಟು.

ಮೂಗಿನ ಮೇಲಣ ಕರಿಚುಕ್ಕೆ, ಅಂದರೆ ಬ್ಲ್ಯಾಕ್‌ಹೆಡ್, ಮೊಡವೆಯದೇ ಒಂದು ರೂಪ. ಅದರ ಕಪ್ಪು ನಮ್ಮ ರಾಯದುರ್ಗ ಸೀಮೆಯ ಧೂಳಲ್ಲ. ರೋಮಕೂಪದಲ್ಲಿ ಚರ್ಮದ ಜಿಡ್ಡೂ ಸತ್ತ ಜೀವಕೋಶಗಳೂ ಕಟ್ಟಿಕೊಳ್ಳುತ್ತವೆ. ಕೂಪದ ಬಾಯಿ ತೆರೆದಿರುವುದರಿಂದ ಗಾಳಿ ತಾಗಿ ಕಪ್ಪಾಗುತ್ತವೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಸಹ ಅಲ್ಲಿರುತ್ತದೆ. ಕೊಳೆಯಲ್ಲದ ಮೇಲೆ ನಾಚಿಕೆಗೆ ಕಾರಣವಿಲ್ಲ.

ಆದ್ದರಿಂದ ಒರಟಾಗಿ ತಿಕ್ಕಿದರೆ ಚರ್ಮ ಕೆರಳೀತೇ ಹೊರತು ಚುಕ್ಕೆ ಹೋಗದು. ಹಿಸುಕಿದರೆ ಕಲೆ ಉಳಿದೀತು. ದಿನಕ್ಕೆ 2 ಬಾರಿ ಮುಖವನ್ನು ಹಗುರವಾಗಿ ತೊಳೆದು, ಸ್ಯಾಲಿಸಿಲಿಕ್ ಆಮ್ಲವುಳ್ಳ ಲೇಪವನ್ನು ಕೆಲವು ವಾರ ತಾಳ್ಮೆಯಿಂದ ಬಳಸಬೇಕು. ಗುಣ ಕಾಣದಿದ್ದರೆ ಚರ್ಮವೈದ್ಯರಲ್ಲಿಗೆ ಹೋಗುವುದು ಲೇಸು.