ಐದು ಸೆಂಟ್ಸ್ ಜಾಗಕ್ಕೆ ಅಡ್ವಾನ್ಸ್ ಕೊಡುವ ಮುಂಚೆ

ಗಲ್ಫ್‌ನಿಂದ ಒಂದು ತಿಂಗಳ ರಜೆಯಲ್ಲಿ ಊರಿಗೆ ಬಂದವನಿಗೆ ಮೊದಲ ವಾರದಲ್ಲೇ ಬ್ರೋಕರ್‌ನ ಫೋನ್ ಬರುತ್ತದೆ. ‘‘ಒಳ್ಳೆ ಜಾಗ ಉಂಟು ಕಾಕ, ರೋಡ್ ಸೈಡ್. ನಾಳೆ ಬೇರೆ ಪಾರ್ಟಿ ಬರ್ತಾರೆ.’’ ರಜೆ ಮುಗಿಯುವ ಗಡಿಬಿಡಿ, ಬಾಡಿಗೆ ಮನೆಯಲ್ಲಿರುವ ಉಮ್ಮನ ಆಸೆ ಎರಡೂ ಸೇರಿ ಅಡ್ವಾನ್ಸ್ ಕೈಬದಲಾಗುತ್ತದೆ. ಕಾಗದ ನೋಡುವುದು ಆಮೇಲೆ. ನಮ್ಮಲ್ಲಿ ಜಾಗದ ವ್ಯವಹಾರ ಕೆಡುವುದು ಹೆಚ್ಚಾಗಿ ಇಲ್ಲಿಯೇ.

ಮೊದಲು ನೋಡಬೇಕಾದದ್ದು ಜಾಗ ಯಾರದ್ದು ಎಂದು. ಪಹಣಿಯಲ್ಲಿ ತೀರಿಹೋದ ಬಾಪನ ಹೆಸರೇ ಇದ್ದರೆ, ಮಾರಲು ಬಂದ ಇಬ್ಬರು ಗಂಡು ಮಕ್ಕಳ ಸಹಿ ಮಾತ್ರ ಸಾಲದು. ಶರೀಅತ್ ಪ್ರಕಾರ ತಾಯಿಗೂ ಪಾಲುಂಟು, ಹೆಣ್ಣು ಮಕ್ಕಳಿಗೂ ಪಾಲುಂಟು. ‘‘ತಂಗಿಗೆ ಮದುವೆಯಲ್ಲಿ ಚಿನ್ನ ಕೊಟ್ಟಾಗಿದೆ’’ ಎಂಬ ಮಾತಿನಿಂದ ಆ ಹಕ್ಕು ಹೋಗುವುದಿಲ್ಲ. ಆಕೆ ನಾಳೆ ಕೋರ್ಟಿಗೆ ಹೋದರೆ ಸಿಕ್ಕಿಬೀಳುವವರು ಖರೀದಿಸಿದವರು. ಎಲ್ಲ ವಾರಸುದಾರರ ಸಹಿ ಇಲ್ಲದೆ ಮುಂದುವರಿಯಬೇಡಿ.

ಎರಡನೆಯದು ಜಾಗದ ಬಗೆ. ದಕ್ಷಿಣ ಕನ್ನಡದಲ್ಲಿ ವರ್ಗ ಜಾಗದ ಜೊತೆಗೆ ಕುಮ್ಕಿಯನ್ನೂ ತೋರಿಸಿ ಹಣ ಕೇಳುವವರಿದ್ದಾರೆ. ಕುಮ್ಕಿ ಎಂದರೆ ವರ್ಗ ಜಾಗಕ್ಕೆ ತಾಗಿರುವ ಸರಕಾರಿ ಜಾಗ. ಸೊಪ್ಪು, ಸೌದೆಗೆ ಬಳಸುವ ಸೌಲಭ್ಯ ಇತ್ತೇ ಹೊರತು ಮಾಲಕತ್ವವಲ್ಲ. ಬೇಲಿಯೊಳಗಿದೆ ಎಂದ ಮಾತ್ರಕ್ಕೆ ಅದು ಮಾರುವವರದ್ದಾಗುವುದಿಲ್ಲ. ದೊಡ್ಡ ಜಾಗದಲ್ಲಿ ಒಂದು ತುಂಡು ಕೊಳ್ಳುವುದಾದರೆ 11ಇ ನಕ್ಷೆ ಕೇಳಿ. ಮನೆ ಕಟ್ಟುವ ಜಾಗ ಭೂಪರಿವರ್ತನೆ ಆಗಿರಬೇಕು. ಪಂಚಾಯತ್ ವ್ಯಾಪ್ತಿಯಲ್ಲಾದರೆ 9/11, ನಗರದಲ್ಲಾದರೆ ಖಾತೆ ಇದೆಯೇ ನೋಡಿ.

ಅನಿವಾಸಿಗಳಿಗೆ ಇನ್ನೊಂದು ತೊಡಕು ಉಂಟು. 2020ರ ತಿದ್ದುಪಡಿಯ ಬಳಿಕ ಕರ್ನಾಟಕದಲ್ಲಿ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಇದನ್ನು ನಂಬಿ ಗಲ್ಫ್‌ನಲ್ಲಿರುವವರು ತೋಟ ಕೊಳ್ಳಲು ಹೊರಡುತ್ತಾರೆ. ಆದರೆ ಕೇಂದ್ರದ ‘ಫೆಮಾ’ ಕಾನೂನಿನಡಿ ಎನ್ನಾರೈಗಳು ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಖರೀದಿಸುವಂತಿಲ್ಲ. ಮನೆ, ಫ್ಲ್ಯಾಟ್, ಅಂಗಡಿಗೆ ಈ ಅಡ್ಡಿಯಿಲ್ಲ. ಬಾಪನಿಂದ ಪಾಲಿಗೆ ಬಂದ ತೋಟಕ್ಕೂ ತೊಂದರೆಯಿಲ್ಲ.

ಕೆಲವರು ಖರ್ಚು ಉಳಿಸಲೆಂದು ಜಿಪಿಎ ಮತ್ತು ಅಗ್ರಿಮೆಂಟ್‌ನಲ್ಲೇ ವ್ಯವಹಾರ ಮುಗಿಸುತ್ತಾರೆ. ಇದರಿಂದ ಜಾಗ ನಿಮ್ಮದಾಗುವುದಿಲ್ಲ, ನೋಂದಣಿಯಾದ ಕ್ರಯಪತ್ರವೇ ಬೇಕು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ರಜೆ ಮುಗಿದು ಹೋಗುವವರು ತಮ್ಮ ಪರವಾಗಿ ಸಹಿ ಹಾಕಲು ಮನೆಯವರಿಗೆ ಅಧಿಕಾರ ಪತ್ರ ಕೊಡಬಹುದು, ಅದು ಬೇರೆ ವಿಷಯ. ಆ ಪತ್ರದಲ್ಲಿ ಯಾವ ಜಾಗ, ಯಾವ ಕೆಲಸ ಎಂದು ಸ್ಪಷ್ಟವಾಗಿ ಬರೆಸಿ. ಎಲ್ಲ ಅಧಿಕಾರ ಬಿಟ್ಟುಕೊಡಬೇಡಿ.

ಫ್ಲ್ಯಾಟ್ ಕೊಳ್ಳುವವರು ಯೋಜನೆಯ ರೇರಾ ನಂಬರ್ ಕೇಳಿ. 500 ಚದರ ಮೀಟರ್‌ಗಿಂತ ದೊಡ್ಡ ಜಾಗದ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳ ಹೊಸ ಯೋಜನೆಗೆ ನೋಂದಣಿ ಕಡ್ಡಾಯ. ಅಂಥ ಯೋಜನೆಯಲ್ಲಿ ನೋಂದಾಯಿತ ಅಗ್ರಿಮೆಂಟ್ ಇಲ್ಲದೆ ಬಿಲ್ಡರ್ ಶೇ. 10ಕ್ಕಿಂತ ಹೆಚ್ಚು ಹಣ ಕೇಳುವಂತಿಲ್ಲ. ಬಡ್ಡಿ ಸಾಲ ಬೇಡವೆಂದು ಪೂರ್ತಿ ನಗದು ಕೊಡುವವರು ನಮ್ಮಲ್ಲಿ ಹೆಚ್ಚು. ಬ್ಯಾಂಕ್ ಸಾಲವಿದ್ದರೆ ಬ್ಯಾಂಕಿನ ವಕೀಲರಾದರೂ ಕಾಗದ ನೋಡುತ್ತಾರೆ. ಸಾಲವಿಲ್ಲದವರು ಆ ಕೆಲಸವನ್ನು ತಾವೇ ಮಾಡಿಸಬೇಕು. ಹಣವನ್ನು ಚೆಕ್ ಅಥವಾ ಬ್ಯಾಂಕ್ ಮೂಲಕವೇ ಕೊಡಿ, ಪೂರ್ತಿ ಮೊತ್ತವನ್ನು ಕ್ರಯಪತ್ರದಲ್ಲಿ ಕಾಣಿಸಿ.

ಕನಿಷ್ಠ 30 ವರ್ಷದ ಋಣಭಾರ ಪತ್ರ, ಅಂದರೆ ಇ.ಸಿ. ತೆಗೆಸಿ. ಹಳೆಯ ಕ್ರಯಪತ್ರಗಳನ್ನೂ ಸೇರಿಸಿ ವಕೀಲರ ಮುಂದಿಡಿ. ವಕೀಲರು ನಿಮ್ಮವರಾಗಿರಲಿ, ಬ್ರೋಕರ್ ಕರೆತಂದವರು ಬೇಡ.

‘‘ಗುರ್ತದವರೇ ಅಲ್ವಾ, ಕಾಗದ ಕೇಳಿದ್ರೆ ಎಂತ ಗ್ರಹಿಸ್ತಾರೆ?’’ ಎಂಬ ಸಂಕೋಚ ಬೇಡ. ಕಾಗದ ಸರಿಯಿರುವವರು ಬೇಜಾರು ಮಾಡಿಕೊಳ್ಳುವುದಿಲ್ಲ. ಈ ರಜೆಯಲ್ಲಿ ಆಗದಿದ್ದರೆ ಮುಂದಿನ ರಜೆಯಲ್ಲಿ ಜಾಗ ತೆಗೆಯಬಹುದು. ಹದಿನೈದು ವರ್ಷ ಬಿಸಿಲಲ್ಲಿ ದುಡಿದು ಕೂಡಿಟ್ಟದ್ದು ಒಮ್ಮೆ ಹೋದರೆ, ಮತ್ತೆ ಕೂಡಿಡಲು ಅಷ್ಟು ವರ್ಷ ಕೈಯಲ್ಲಿ ಇರುವುದಿಲ್ಲ.